ಆಯ ಕೂಡಿತು, ಈಗ ಓಡಾಡಿ ನೋಡಿ

ಎರಡು ತಿಂಗಳ ಹಿಂದೆ ಒಬ್ಬ ಅಪ್ಪ, ಮಗ ನನ್ನ ಆರ್ಕಿಟೆಕ್ಟ್ ಆಫೀಸಿಗೆ ಬಂದರು. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಸಾಫ್ಟ್‌ವೇರ್ ಕೆಲಸದವನು. ಮೈಸೂರಿನ ರಿಂಗ್ ರೋಡ್ ಆಚೆ ಒಂದು ಸೈಟು, 30ಕ್ಕೆ 40, ಪೂರ್ವಕ್ಕೆ ರಸ್ತೆ. ಇಂಥವು ನನಗೆ ವರ್ಷಕ್ಕೆ ಎಂಟು ಹತ್ತು ಬರುತ್ತವೆ. ಕಾಫಿ ಮುಗಿದ ಮೇಲೆ ಮಗ ಮೆಲ್ಲಗೆ ಲ್ಯಾಪ್‌ಟಾಪ್ ತೆಗೆದ. "ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿನ್ನೆ ರಾತ್ರಿ ಸುಮ್ನೆ ಒಂದು ಎಐ ಟೂಲಲ್ಲಿ ಟ್ರೈ ಮಾಡಿದೆ" ಅಂದ. ಸೈಟಿನ ಅಳತೆ, ದಿಕ್ಕು, ಎಷ್ಟು ಬೆಡ್‌ರೂಮು, ವಾಸ್ತು ಬೇಕಾ ಬೇಡವಾ, ಇಷ್ಟು ಹೇಳಿದ್ದಾನೆ. ನಾಲ್ಕು ನಿಮಿಷಕ್ಕೆ ನಲವತ್ತು ಪ್ಲ್ಯಾನ್ ಬಂದಿವೆ. ಬಿಸಿಲು ಎಲ್ಲಿಂದ, ಗಾಳಿ ಎಲ್ಲಿಂದ ಅಂತ ಬಣ್ಣ ಹಚ್ಚಿ ತೋರಿಸಿದೆ. ಅದರಲ್ಲಿ ಅವನಿಗೆ ಹಿಡಿಸಿದ್ದು ಹನ್ನೊಂದನೆಯದು.

ಹನ್ನೊಂದನೆಯದನ್ನು ನೋಡಿದೆ. ತಪ್ಪು ಹುಡುಕಬೇಕು ಅಂತಲೇ ನೋಡಿದೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಆಗ್ನೇಯಕ್ಕೆ ಅಡುಗೆಮನೆ, ನೈಋತ್ಯಕ್ಕೆ ದೊಡ್ಡವರ ರೂಮು, ಮೆಟ್ಟಿಲಿನ ಕೆಳಗೆ ಬಾತ್‌ರೂಮು, ಮುಂದೆ ಒಂದು ಕಾರು. ಉತ್ತರದ ಕಿಟಕಿಗಳಿಗೆ ಎರಡಡಿ ಸಜ್ಜಾ ಹಾಕಿತ್ತು. ಸಿಕ್ಕಿತು ತಪ್ಪು ಅಂದುಕೊಂಡೆ. "ಉತ್ತರಕ್ಕೆ ಬಿಸಿಲೇ ಬರಲ್ಲ, ಅಷ್ಟು ಸಜ್ಜಾ ದಂಡ" ಅಂತ ಹೇಳಿಯೂ ಬಿಟ್ಟೆ. ಹೇಳಿದ ಅರ್ಧ ನಿಮಿಷಕ್ಕೆ ನಾಲಿಗೆ ಕಚ್ಚಿಕೊಂಡೆ. ನಾವಿರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ಮತ್ತೆ ನೆತ್ತಿಗೆ ಬರುವುದು ಆಗಸ್ಟ್‌ನಲ್ಲಿ. ಆ ನಾಲ್ಕು ತಿಂಗಳು ಮಧ್ಯಾಹ್ನದ ಬಿಸಿಲೂ ಉತ್ತರದಿಂದಲೇ. ಮೊದಲ ವರ್ಷದ ಪಾಠ ಇದು. ಯಂತ್ರ ನೆನಪಿಟ್ಟುಕೊಂಡಿತ್ತು, ನಾನು ಮರೆತಿದ್ದೆ. ಮೇಷ್ಟ್ರ ಮುಂದೆ ಬೇರೆ. ಅವರು ಏನೂ ಅನ್ನಲಿಲ್ಲ, ಕನ್ನಡಕ ಒರೆಸಿಕೊಂಡರು.

ಆದರೆ ಅವತ್ತಿನಿಂದ ನನ್ನನ್ನು ಕೊರೆಯುತ್ತಿರುವುದು ಸಜ್ಜಾ ಅಲ್ಲ. ಆ ಹನ್ನೊಂದನೇ ಪ್ಲ್ಯಾನ್ ನನ್ನದೇ ಆಗಿತ್ತು. ಕದ್ದದ್ದು ಅಂತ ಹೇಳುತ್ತಿಲ್ಲ. ನಾನು ಹದಿನೈದು ವರ್ಷದಿಂದ ಎರಡು ವಾರ ಸಮಯ ಕೇಳಿ, ಅಡ್ವಾನ್ಸ್ ತಗೊಂಡು, ಕೊನೆಗೆ ಕೊಡುವ ಪ್ಲ್ಯಾನ್ ಯಾವುದೋ ಅದೇ. ಮೆಟ್ಟಿಲು ತಿರುಗುವ ದಿಕ್ಕು ಕೂಡ.

ಮಿರರ್

ನನ್ನ ಕಂಪ್ಯೂಟರಿನಲ್ಲಿ ಒಂದು ಫೈಲ್ ಇದೆ. ಹೆಸರು '30-40 ಈಸ್ಟ್ ಫೈನಲ್'. ಅದರ ಮಕ್ಕಳು ಮರಿಮಕ್ಕಳು ಈ ಊರಿನ ನಾಲ್ಕಾರು ಬಡಾವಣೆಗಳಲ್ಲಿ ಹರಡಿಕೊಂಡಿದ್ದಾರೆ. ಪಶ್ಚಿಮದ ಸೈಟು ಬಂದರೆ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಮಿರರ್ ಕಮಾಂಡ್ ಕೊಡುವುದು, ಮನೆ ಪಲ್ಟಿ ಹೊಡೆಯುತ್ತದೆ. ಆಗ್ನೇಯದ ಅಡುಗೆಮನೆ ನೈಋತ್ಯಕ್ಕೆ ಹಾರುತ್ತದೆ, ಅದನ್ನು ಎಳೆದು ತಂದು ವಾಯವ್ಯಕ್ಕೋ ಆಗ್ನೇಯಕ್ಕೋ ಕೂರಿಸುವುದು. ಹಳೇ ವರ್ಷನ್‌ಗಳಲ್ಲಿ ಅಕ್ಷರಗಳೂ ಉಲ್ಟಾ ಆಗುತ್ತಿದ್ದವು. ಒಂದು ಸಲ ನೋಡದೇ ಪ್ರಿಂಟ್ ತೆಗೆದು ಸೈಟಿಗೆ ಕಳಿಸಿದ್ದೆ. ಕಂಟ್ರಾಕ್ಟರ್ ಫೋನ್ ಮಾಡಿ, "ಮೇಡಂ, ಇದನ್ನ ಕನ್ನಡೀಲಿ ನೋಡ್ಕೊಂಡು ಕಟ್ಟಬೇಕಾ?" ಅಂತ ಕೇಳಿದ್ದ. ಈ ಕತೆ ಹೇಳಿ ನಾವು ಸ್ನೇಹಿತರೆಲ್ಲ ಎಷ್ಟೋ ಸಲ ನಕ್ಕಿದ್ದೇವೆ. ಈಗ ನಗು ಬರುತ್ತಿಲ್ಲ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಕೈಯಲ್ಲಿ ಎಳೆಯುವ ಗೆರೆಯ ಶ್ರಮ ಉಳಿಯಲಿ, ಉಳಿದ ಸಮಯದಲ್ಲಿ ಯೋಚನೆ ಮಾಡಲಿ ಅಂತ ಬಂದ ಸಾಮಾನು ಅದು. ಶ್ರಮ ಉಳಿಯಿತು. ಆ ಸಮಯದಲ್ಲಿ ನಾನು ಇನ್ನೊಂದು ಮನೆ ಒಪ್ಪಿಕೊಂಡೆ.

ಹಾಗಾಗಿ 'ಯಂತ್ರ ಬಂದು ವಿನ್ಯಾಸಕಾರರ ಕೆಲಸ ಕಿತ್ತುಕೊಳ್ಳುತ್ತದಾ' ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಬರುವ ಪ್ರಶ್ನೆ ಬೇರೆ. ಯಾವ ಕೆಲಸ? ನಾನು ನಿಜವಾಗಿ ಮಾಡುತ್ತಿದ್ದೆನಲ್ಲ, ಅದಾ? ಅದು ಆಗಲೇ ಹೋಯಿತು. ಹೋಗಲಿ ಬಿಡಿ.

ಹೆದರಿಕೆಯ ಮಾತು ಶುರುವಾದದ್ದು 2022ರಲ್ಲಿ, ಮಿಡ್‌ಜರ್ನಿ ಥರದ ಎಐ ಟೂಲುಗಳು ಚಿತ್ರ ಬಿಡಿಸತೊಡಗಿದಾಗ. ಆಗ ಕ್ಲೈಂಟುಗಳು ಫೋನಿನಲ್ಲಿ ತರುತ್ತಿದ್ದ ಮನೆಗಳನ್ನು ನೋಡಿ ನನಗೆ ಅಷ್ಟೇನೂ ದಿಗಿಲಾಗಿರಲಿಲ್ಲ. ಚೆನ್ನಾಗಿರುತ್ತಿದ್ದವು, ನಿಜ. ಕಂಬವಿಲ್ಲದೇ ಹತ್ತಡಿ ಮುಂದೆ ಚಾಚಿದ ಸ್ಲ್ಯಾಬು, ನೀರಿನ ಮೇಲೆ ತೇಲುವ ಮೆಟ್ಟಿಲು, ಸಂಜೆಯ ಬೆಳಕು. ಅಲ್ಲಿ ಯಾವಾಗಲೂ ಸಂಜೆಯೇ. ಆದರೆ ಆ ಮನೆಗಳ ತಾರಸಿ ಮೇಲೆ ಸಿಂಟೆಕ್ಸ್ ಟ್ಯಾಂಕ್ ಇರುವುದಿಲ್ಲ. ಸೋಲಾರ್ ಇಲ್ಲ, ಸಂಪಿನ ಮುಚ್ಚಳ ಇಲ್ಲ, ಕರೆಂಟಿನ ಮೀಟರ್ ಬಾಕ್ಸ್ ಇಲ್ಲ, ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ ಕೂಡ ಇಲ್ಲ. ಒಬ್ಬ ಕ್ಲೈಂಟಿಗೆ ಅಂಥ ಒಂದು ಚಿತ್ರ ತೋರಿಸಿ, "ಬಟ್ಟೆ ಎಲ್ಲಿ ಒಣಗಿಸ್ತೀರಾ?" ಅಂತ ಕೇಳಿದ್ದೆ. ಅವರು ಚಿತ್ರವನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ಹಿಂಭಾಗ ಹುಡುಕಿದರು. ಚಿತ್ರಕ್ಕೆ ಹಿಂಭಾಗ ಎಲ್ಲಿಂದ ಬರಬೇಕು!

ಆಗ ಅದೇ ನನ್ನ ಧೈರ್ಯವಾಗಿತ್ತು. ಮನೆಯ ಹಿಂಭಾಗ ಗೊತ್ತಿರುವವಳು ನಾನು ಅಂತ. ಹನ್ನೊಂದನೇ ಪ್ಲ್ಯಾನ್‌ನಲ್ಲಿ ಯುಟಿಲಿಟಿ ಇತ್ತು. ಬಟ್ಟೆ ಒಗೆಯುವ ಕಲ್ಲಿಗೂ ಜಾಗ ಬಿಟ್ಟಿತ್ತು.

ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿ

ಓದು ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಂಜನಗೂಡಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಂಟರ ಮನೆಯ ಪಾಯದ ಮಾರ್ಕಿಂಗ್ ನೋಡಲು ಹೋಗಿದ್ದೆ. ನಾನು ಡ್ರಾಯಿಂಗ್ ಮಾಡಿಕೊಟ್ಟಿದ್ದೆ, ಪುಕ್ಕಟೆ. ಅಲ್ಲಿನ ಮೇಸ್ತ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರು ನನ್ನ ಡ್ರಾಯಿಂಗನ್ನು ಮರ್ಯಾದೆಯಿಂದ ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಒಂದು ಇಟ್ಟಿಗೆ ಚೂರು ತಗೊಂಡು ಪಕ್ಕದ ಮನೆಯ ಜಗಲಿಯ ಮೇಲೆ ಲೆಕ್ಕ ಹಾಕತೊಡಗಿದರು. ಆಯ ನೋಡುತ್ತಿದ್ದರು, ಅಂದರೆ ಮನೆಯ ಅಳತೆ ಶುಭವೋ ಅಲ್ಲವೋ ಅಂತ ನೋಡುವ ಲೆಕ್ಕ. ನಾನು ಕೊಟ್ಟಿದ್ದು ಅಗಲ 26, ಉದ್ದ 33. ಎರಡನ್ನೂ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ಎರಡು. ಎರಡು ಅಂದರೆ ಧೂಮಾಯ. "ಬ್ಯಾಡ ಕವ್ವ, ಹೊಗೆ" ಅಂದರು. ಅಗಲವನ್ನು ಒಂದಡಿ ಹೆಚ್ಚಿಸಿ 27 ಮಾಡಿದರು. ಈಗ ಉಳಿದದ್ದು ಮೂರು, ಸಿಂಹಾಯ. ಬೆಸ ಸಂಖ್ಯೆ ಉಳಿದರೆ ಒಳ್ಳೆಯದು: ಧ್ವಜ, ಸಿಂಹ, ವೃಷಭ, ಗಜ. ಸಮ ಉಳಿದರೆ ಹೊಗೆ, ನಾಯಿ, ಕತ್ತೆ, ಕಾಗೆ.

(ನಡುವೆ ಒಂದು ಮಾತು. ಎಷ್ಟೋ ವರ್ಷದ ಮೇಲೆ, ಒಂದು ಬೋರಾದ ಮೀಟಿಂಗಿನಲ್ಲಿ ಹೊಳೆಯಿತು. ಎಂಟರಿಂದ ಭಾಗಿಸುವುದೇ ಆದರೆ ಒಂಬತ್ತರಿಂದ ಗುಣಿಸುವ ಅಗತ್ಯವೇ ಇಲ್ಲ. ಒಂಬತ್ತು ಅಂದರೆ ಎಂಟು ಮತ್ತು ಒಂದು, ಶೇಷ ಅಷ್ಟೇ ಇರುತ್ತದೆ. ಬೇಕಾದರೆ ಹಾಕಿ ನೋಡಿ. ಎಷ್ಟು ತಲೆಮಾರು ಆ ಗುಣಾಕಾರ ಮಾಡಿತೋ ಪಾಪ.)

ಅವತ್ತು ನಾನು ಒಳಗೊಳಗೇ ನಕ್ಕಿದ್ದೆ. ಈಗ ನೋಡಿದರೆ ಅದು ಪಕ್ಕಾ ಪ್ರೋಗ್ರಾಮ್. ಅಳತೆ ಕೊಟ್ಟರೆ ಉತ್ತರ ಬರುತ್ತದೆ, ಉತ್ತರ ಸರಿಯಿಲ್ಲದಿದ್ದರೆ ಅಳತೆ ಬದಲಿಸಿ ಮತ್ತೆ ಓಡಿಸುವುದು. ಮನೆ ಕಟ್ಟುವವರು ಲೆಕ್ಕಕ್ಕೆ ಯಾವತ್ತೂ ಅಂಜಿದವರಲ್ಲ. 1978ರಲ್ಲಿ ಜಾರ್ಜ್ ಸ್ಟೈನಿ ಮತ್ತು ವಿಲಿಯಂ ಮಿಚೆಲ್ ಅಂತ ಇಬ್ಬರು, ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋ 16ನೇ ಶತಮಾನದಲ್ಲಿ ಕಟ್ಟಿದ ವಿಲ್ಲಾಗಳ ಪ್ಲ್ಯಾನುಗಳನ್ನು ವ್ಯಾಕರಣದ ಸೂತ್ರಗಳ ಹಾಗೆ ಬರೆದಿಟ್ಟರು. ಸೂತ್ರ ಹಿಡಿದು ಹೋದರೆ ಪಲ್ಲಾಡಿಯೋ ಬಿಡಿಸಿದ ಪ್ಲ್ಯಾನೂ ಬರುತ್ತದೆ, ಅವನು ಬಿಡಿಸದೇ ಇದ್ದದ್ದೂ ಬರುತ್ತದೆ. ಅಷ್ಟು ದೊಡ್ಡವನ ಕೆಲಸದಲ್ಲೇ ಅಷ್ಟು ಸೂತ್ರ ಇದ್ದರೆ ನನ್ನ 'ಈಸ್ಟ್ ಫೈನಲ್' ಯಾವ ಲೆಕ್ಕ.

ಮೇಸ್ತ್ರಿಯ ವಿಷಯಕ್ಕೆ ಬರುತ್ತೇನೆ. ನನಗೆ ಮುಖ್ಯ ಅನ್ನಿಸುವುದು ಅವರು ಆಯ ಕೂಡಿದ ಮೇಲೆ ಮಾಡಿದ್ದು. ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಇಡೀ ಮನೆಯ ಗೆರೆ ಎಳೆದರು. ಬಾಗಿಲಿರುವ ಕಡೆ ಗೆರೆ ಬಿಟ್ಟರು. ಆಮೇಲೆ ಮನೆಯಾಕೆಯನ್ನು ಕರೆದು, "ಅವ್ವ, ಲೆಕ್ಕ ಬಂತು. ಈಗ ಇದು ನಿನ್ ಮನೆ ಅನ್ಕಂಡು ಒಂದಪ ಓಡಾಡ್ಬುಡು" ಅಂದರು. ಆಕೆಗೆ ನಾಚಿಕೆ. ನಾವೆಲ್ಲ ನಿಂತು ನೋಡುತ್ತಿದ್ದೇವಲ್ಲ. ಸೆರಗು ಸರಿಮಾಡಿಕೊಂಡು ಗೆರೆಯೊಳಗೆ ಹೋದರು. ಗೋಡೆ ದಾಟಬಾರದು ಅಂತ ಮೇಸ್ತ್ರಿ ಗದರುತ್ತಿದ್ದರು. ಬೆಳಿಗ್ಗೆ ಎದ್ದರು, ಬಾಗಿಲು ತೆಗೆದರು, ನೀರು ಹಾಕಿದರು, ಒಲೆ ಹತ್ತಿರ ಹೋದರು. ಆಮೇಲೆ ಹಿಂದಿನ ಕೊಟ್ಟಿಗೆಗೆ ಹೋಗಬೇಕು. ಕೊಟ್ಟಿಗೆ ಕಸ ಬಾಚಿ ತಲೆಯ ಮೇಲೆ ಮಂಕರಿ ಇಟ್ಟುಕೊಂಡ ಹಾಗೆ ಒಂದು ಕೈ ಎತ್ತಿ ಹಿಡಿದು ತಿಪ್ಪೆಗೆ ಹೊರಟವರು, ಪಡಸಾಲೆಯ ನಡುವೆ ನಿಂತುಬಿಟ್ಟರು. ಕೊಟ್ಟಿಗೆಯಿಂದ ಹೊರಗೆ ಹೋಗಲು ನಾನು ಇಟ್ಟಿದ್ದ ದಾರಿ ಪಡಸಾಲೆಯ ಮೂಲಕವೇ. ನೆಂಟರು ಕೂತಿರುವಾಗ ಅವರ ಮುಂದೆ ಸಗಣಿ ಮಂಕರಿ ಹೊತ್ತು ಹೋಗಬೇಕು. ಆಕೆ ಏನೂ ಹೇಳಲಿಲ್ಲ. ಎತ್ತಿದ ಕೈ ಹಾಗೇ ಇತ್ತು, ನನ್ನ ಕಡೆ ನೋಡಿದರು.

ಮೇಸ್ತ್ರಿ ಕಾಲಿನಲ್ಲಿ ಸುಣ್ಣ ಅಳಿಸಿ ಕೊಟ್ಟಿಗೆಗೆ ಪಕ್ಕದ ಗೋಡೆಯಲ್ಲಿ ಬಾಗಿಲು ಬಿಟ್ಟರು. ಆಯಕ್ಕೆ ಏನೂ ಆಗಲಿಲ್ಲ. ಸಿಂಹ ಸಿಂಹವಾಗಿಯೇ ಉಳಿಯಿತು.

ಆಕೆಯನ್ನು ಡ್ರಾಯಿಂಗ್ ಮಾಡುವ ಮುಂಚೆ ನಾನು ಕೇಳಿದ್ದೆ. ಕೇಳಿರಲಿಲ್ಲ ಅನ್ನುವ ಹಾಗಿಲ್ಲ. "ನಿಮಗೆ ಏನೇನು ಬೇಕು?" ಅಂದಿದ್ದೆ. ದೇವರ ಕೋಣೆ, ಗ್ರಾನೈಟ್ ಕಟ್ಟೆ, ಅಟ್ಟ ಅಂದಿದ್ದರು. ಮಂಕರಿಯ ವಿಷಯ ಬಾಯಿಗೆ ಬಂದಿರಲಿಲ್ಲ. ದಿನಾ ಮಾಡುವ ಕೆಲಸ, ಅದರಲ್ಲಿ ಹೇಳುವುದೇನು?

ಯಾರೂ ಎಣಿಸದೇ ಇದ್ದದ್ದು

ಆಟೋಕ್ಯಾಡ್ ಮಾಡುವ ಕಂಪನಿ ಆಟೋಡೆಸ್ಕ್ 2017ರಲ್ಲಿ ಟೊರಾಂಟೋದಲ್ಲಿ ತನ್ನದೇ ಹೊಸ ಆಫೀಸಿನ ಪ್ಲ್ಯಾನನ್ನು ಕಂಪ್ಯೂಟರಿನಿಂದ ಮಾಡಿಸಿತು. 'ದಿ ಲಿವಿಂಗ್' ಅನ್ನುವ ಅದರ ವಿನ್ಯಾಸ ತಂಡ ನೌಕರರನ್ನು ಕೇಳಿ ಆರು ಗುರಿಗಳನ್ನು ಗೊತ್ತುಮಾಡಿತು. ಯಾರು ಯಾರ ಹತ್ತಿರ ಕೂರಬೇಕು, ಎಂಥ ವಾತಾವರಣದಲ್ಲಿ ಕೆಲಸ ಮಾಡಲು ಇಷ್ಟ, ಗಮನ ಎಷ್ಟು ಕೆಡುತ್ತದೆ, ಜನ ಎಷ್ಟು ಎದುರುಬದುರಾಗುತ್ತಾರೆ, ಹಗಲ ಬೆಳಕು ಎಷ್ಟು, ಹೊರಗಿನ ನೋಟ ಎಷ್ಟು. ಕಂಪ್ಯೂಟರು ಸುಮಾರು ಹತ್ತು ಸಾವಿರ ವಿನ್ಯಾಸ ಮಾಡಿ, ಒಂದೊಂದಕ್ಕೂ ಈ ಆರರಲ್ಲಿ ಅಂಕ ಹಾಕಿತು. ನನಗೆ ಇದು ನಿಜಕ್ಕೂ ಇಷ್ಟವಾದ ಕೆಲಸ. ಗೇಲಿ ಮಾಡುತ್ತಿಲ್ಲ. ಹತ್ತು ಸಾವಿರ ಮಾಡುವುದಿರಲಿ, ನಾವು ಮೂರನೇ ಆಪ್ಷನ್ ಕೇಳಿದ ಕ್ಲೈಂಟನ್ನೇ ಬೈದುಕೊಳ್ಳುವವರು. ಆದರೆ ಆ ಆರು ಯಾಕೆ ಆರು, ಏಳನೆಯದು ಯಾಕಿಲ್ಲ ಅನ್ನುವುದನ್ನು ಕೂತು ತೀರ್ಮಾನಿಸಿದ್ದು ಮನುಷ್ಯರು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅಂಕ ಇಲ್ಲ. ಅಂಕ ಇಲ್ಲದ್ದನ್ನು ಯಂತ್ರ ದ್ವೇಷದಿಂದ ತೆಗೆಯುವುದಿಲ್ಲ, ಅದರ ಜಾಗವನ್ನು ಅಂಕ ಇರುವುದಕ್ಕೆ ಕೊಡುತ್ತದೆ ಅಷ್ಟೇ.

ಇದನ್ನು ಯೋಚಿಸುವಾಗೆಲ್ಲ ನನಗೆ ಬನ್ನೇರುಘಟ್ಟ ರಸ್ತೆಯ ಐಐಎಂ ನೆನಪಾಗುತ್ತದೆ. ಎರಡನೇ ವರ್ಷದಲ್ಲಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬಿ.ವಿ. ದೋಶಿಯವರ ಕಟ್ಟಡ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಪಡೆದ ಮೊದಲ ಭಾರತೀಯ ಅಂತ ಈಗ ಎಲ್ಲರಿಗೂ ಗೊತ್ತು, 2023ರ ಜನವರಿಯಲ್ಲಿ ತೀರಿಕೊಂಡರು. ಆಗ ನಮಗೆ ಬರೀ ಒಂದು ಹೆಸರು. ಅಲ್ಲಿ ನೋಡುವುದಕ್ಕೆ ಇರುವುದು ಕ್ಲಾಸ್‌ರೂಮುಗಳಲ್ಲ, ಓಡಾಡುವ ದಾರಿ. ಒರಟು ಬೂದು ಕಲ್ಲಿನ ಗೋಡೆಗಳ ನಡುವೆ ಉದ್ದಕ್ಕೂ ಹೋಗುವ ಮೂರು ಅಂತಸ್ತಿನೆತ್ತರದ ಮೊಗಸಾಲೆ. ಒಂದು ಕಡೆ ಮೇಲೆ ಮುಚ್ಚಿದೆ, ಇನ್ನೊಂದು ಕಡೆ ಬರೀ ತೊಲೆಗಳು, ಮತ್ತೊಂದು ಕಡೆ ಆಕಾಶವೇ. ತೊಲೆಗಳ ಮೇಲೆ ಬಳ್ಳಿ. ಫತೇಪುರ್ ಸಿಕ್ರಿಯ ಅಂಗಳಗಳಿಂದ ಬಂದ ಯೋಚನೆ ಅಂತ ನಮ್ಮ ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು. ನಾನು ಅದನ್ನು ಕೇಳುತ್ತಿರಲಿಲ್ಲ. ನೆಲದ ಮೇಲೆ ಬಿದ್ದ ತೊಲೆಯ ನೆರಳು ನೋಡುತ್ತಿದ್ದೆ. ಹತ್ತೂವರೆಗೆ ಕಲ್ಲು ಬೆಂಚಿನ ಈ ಕಡೆ ಇದ್ದದ್ದು ಹನ್ನೆರಡಕ್ಕೆ ಬೇರೆ ಕಡೆ ಇತ್ತು. ಅಲ್ಲಿ ಓದುವ ಹುಡುಗನೊಬ್ಬ ನೆರಳಿನ ಜೊತೆಗೆ ಸರಿದು ಸರಿದು ಕೂರುತ್ತಿದ್ದ, ಪುಸ್ತಕದಿಂದ ತಲೆ ಎತ್ತದೆ.

ಆ ಮೊಗಸಾಲೆಗೆ ನಮ್ಮ ವ್ಯಾಪಾರದ ಭಾಷೆಯಲ್ಲಿ ಒಂದು ಹೆಸರಿದೆ: ಸರ್ಕ್ಯುಲೇಶನ್. ಅಪಾರ್ಟ್‌ಮೆಂಟ್ ಮಾಡುವಾಗ ಅದನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಜಾಣತನ. ಅದು ಮಾರಲಾಗದ ಜಾಗ. ಇವತ್ತಿನ ಯಾವುದೇ ಟೂಲಿಗೆ ಅದೇ ಕಟ್ಟಡದ ಪಟ್ಟಿ ಕೊಟ್ಟು, ಇಷ್ಟು ಕ್ಲಾಸ್‌ರೂಮು, ಇಷ್ಟು ಆಫೀಸು, ಒಂದು ಲೈಬ್ರರಿ, ದೂರ ಕಡಿಮೆ ಇರಲಿ, ಖರ್ಚು ಕಡಿಮೆ ಇರಲಿ ಅಂದರೆ ಮೊದಲು ಕರಗುವುದು ಆ ಮೊಗಸಾಲೆ. ಅಂಕ ಚೆನ್ನಾಗಿಯೇ ಬರುತ್ತದೆ. ನೀವು ಹೇಳಬಹುದು, 'ನೆರಳಲ್ಲಿ ಕೂರುವ ಜಾಗ' ಅಂತ ಪಟ್ಟಿಗೆ ಏಳನೆಯದಾಗಿ ಸೇರಿಸಿದರಾಯಿತಲ್ಲ ಅಂತ. ಸೇರಿಸಬಹುದು, ಖಂಡಿತ. ಆದರೆ ಅದನ್ನು ಪಟ್ಟಿಗೆ ಸೇರಿಸಬೇಕು ಅಂತ ನನಗೆ ಗೊತ್ತಾದದ್ದು ಯಾರೋ ಕಟ್ಟಿಟ್ಟದ್ದರಲ್ಲಿ ಅರ್ಧ ದಿನ ನಿಂತ ಮೇಲೆ. ಕಟ್ಟಿದವರಿಗೆ ಅದು ಹೇಗೆ ಗೊತ್ತಾಯಿತು ಅಂತ ನಾನು ಈಗಲೂ ಯೋಚಿಸುತ್ತಿರುತ್ತೇನೆ.

ಕಾನೂನು ನಮ್ಮನ್ನು ಉಳಿಸುತ್ತದೆ ಅಂತ ಕೆಲವು ಸ್ನೇಹಿತರು ನಂಬಿದ್ದಾರೆ. 1972ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಬೋರ್ಡು ಹಾಕುವ ಹಾಗಿಲ್ಲ. ಆದರೆ ಆ ಕಾಯ್ದೆ ಕಾಯುವುದು ಹೆಸರನ್ನು, ವಿನ್ಯಾಸ ಮಾಡುವ ಕೆಲಸವನ್ನಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿಬಿಟ್ಟಿದೆ. ಮತ್ತೆ ಈ ದೇಶದ ಬಹುಪಾಲು ಮನೆಗಳನ್ನು ಆರ್ಕಿಟೆಕ್ಟುಗಳು ಮುಟ್ಟಿಯೂ ಇಲ್ಲ, ಅಲ್ವಾ? ಮೇಸ್ತ್ರಿಗಳು ಕಟ್ಟಿದ್ದಾರೆ, ಮನೆಯವರು ಕಟ್ಟಿಕೊಂಡಿದ್ದಾರೆ. ಯಂತ್ರ ಬಂದು ನಮ್ಮ ಜಾಗ ಹಿಡಿಯಿತು ಅನ್ನುವಾಗ ಆ ಜಾಗ ಎಷ್ಟಗಲ ಇತ್ತು ಅಂತಲೂ ನೋಡಿಕೊಳ್ಳಬೇಕು.

ಸುಣ್ಣದ ಗೆರೆ

ಅಪ್ಪ ಮಗನ ಮನೆಗೆ ಬರುತ್ತೇನೆ. ನಾನು ಪ್ಲ್ಯಾನ್ ಮಾಡಿಕೊಡುವುದಿಲ್ಲ ಅಂದೆ. "ಹನ್ನೊಂದನೆಯದು ಚೆನ್ನಾಗಿದೆ, ಅದನ್ನೇ ಇಟ್ಕೊಳ್ಳಿ. ಭಾನುವಾರ ಸೈಟಿಗೆ ಬನ್ನಿ, ಎಲ್ಲರೂ ಬನ್ನಿ" ಅಂದೆ. ಒಂದು ಚೀಲ ಸುಣ್ಣದ ಪುಡಿ, ದಾರ, ಟೇಪು ತಗೊಂಡು ಹೋದೆ. ಮೇಸ್ತ್ರಿ ಮಾಡಿದ್ದನ್ನೇ ಮಾಡಿದೆ, ಇಪ್ಪತ್ತು ವರ್ಷ ತಡವಾಗಿ. ಮೇಷ್ಟ್ರ ಹೆಂಡತಿಗೆ ಬಹಳ ಖುಷಿ. ಅಡುಗೆಮನೆಯ ಗೆರೆಯೊಳಗೆ ಹೋಗಿ, "ಇಷ್ಟೇನಾ?" ಅಂದರು. ಖಾಲಿ ನೆಲದಲ್ಲಿ ಯಾವ ರೂಮೂ ಚಿಕ್ಕದಾಗಿಯೇ ಕಾಣುವುದು, ಗೋಡೆ ಎದ್ದ ಮೇಲೆ ಸರಿಹೋಗುತ್ತೆ ಅಂತ ಸಮಾಧಾನ ಮಾಡಿದೆ. ಮೇಷ್ಟ್ರು ನೈಋತ್ಯದ ರೂಮಿಗೆ ಹೋಗಿ, ಮಂಚ ಬರುವ ಕಡೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

ಹನ್ನೊಂದೂಕಾಲು ಹೊತ್ತಿಗೆ ಅವರು ಕೆಮ್ಮತೊಡಗಿದರು. ಆಮೇಲೆ ನಾನೂ ಕೆಮ್ಮಿದೆ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು. ದಕ್ಷಿಣದ ಪಕ್ಕದ ಮನೆಯವರು ಅಡುಗೆಮನೆಯನ್ನು ವಾಯವ್ಯದಲ್ಲಿ ಕಟ್ಟಿದ್ದಾರೆ. ಅವರ ವಾಯವ್ಯ ಅಂದರೆ ನಮ್ಮ ನೈಋತ್ಯಕ್ಕೆ ಅಂಟಿಕೊಂಡ ಮೂಲೆ. ಎಗ್ಸಾಸ್ಟ್ ಫ್ಯಾನು ನೇರ ನಮ್ಮ ಕಡೆಗೆ. ಅವರ ಮನೆಯೂ ವಾಸ್ತು ಪ್ರಕಾರವೇ, ನಮ್ಮದೂ ವಾಸ್ತು ಪ್ರಕಾರವೇ, ಎರಡು ವಾಸ್ತು ಸೇರಿ ಮೇಷ್ಟ್ರ ಮೂಗಿಗೆ ಬಂದಿದೆ. ಟೂಲು ಗಾಳಿಯ ಲೆಕ್ಕ ಸರಿಯಾಗಿಯೇ ಹಾಕಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ನೈಋತ್ಯದಿಂದ, ಅದಕ್ಕೇ ದಕ್ಷಿಣದ ಗೋಡೆಗೆ ದೊಡ್ಡ ಕಿಟಕಿ ಇಟ್ಟಿತ್ತು. ಗಾಳಿಯ ಜೊತೆ ಏನು ಬರುತ್ತದೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಖಾಲಿ ಆಯತ, ನಾಲ್ಕು ದಿಕ್ಕು.

ನಾನು ಗೆದ್ದೆ ಅಂತ ಒಂದು ಕ್ಷಣ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಮಗ ಅಲ್ಲೇ ನಿಂತು ಫೋನಿನಲ್ಲಿ ಟೈಪ್ ಮಾಡಿದ: ದಕ್ಷಿಣದ ಮನೆಯ ಅಡುಗೆಮನೆ ಫ್ಯಾನ್ ಇಲ್ಲಿದೆ, ಈ ಗೋಡೆಗೆ ಕಿಟಕಿ ಬೇಡ. ಎರಡು ನಿಮಿಷ ಕಾದ. ಹೊಸದು ಬಂತು. ದಕ್ಷಿಣದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್, ಕಿಟಕಿ ಪಶ್ಚಿಮಕ್ಕೆ. ಬಾತ್‌ರೂಮನ್ನೂ ಆಚೆ ಸರಿಸಿ ಗಾಳಿಗೆ ದಾರಿ ಬಿಟ್ಟಿತ್ತು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ಸಂಜೆವರೆಗೆ ತಗೊಳ್ಳುತ್ತಿದ್ದೆ ಅಷ್ಟೇ.

"ಸೂಪರ್ ಅಲ್ವಾ ಮೇಡಂ?" ಅಂದ.

"ಚೆನ್ನಾಗಿದೆ" ಅಂದೆ.

"ಇನ್ನೇನ್ ಹೇಳಬೇಕು ಇದಕ್ಕೆ?"

ಪಶ್ಚಿಮಕ್ಕೆ ತಿರುಗಿ ನೋಡಿದೆ. ಹಿಂದಿನ ಸೈಟು ಖಾಲಿ. ಎಕ್ಕದ ಗಿಡ, ಒಂದು ನಂಬರ್ ಕಲ್ಲು, ಯಾರೋ ಸುರಿದ ಕಟ್ಟಡದ ಮಣ್ಣು. ಅದು ಯಾರದ್ದು ಅಂತ ಮೇಷ್ಟ್ರನ್ನು ಕೇಳಿದೆ. "ಗೊತ್ತಿಲ್ಲಮ್ಮ. ಬೆಂಗಳೂರಿನೋರು ಅಂತಾರೆ, ಯಾವತ್ತೂ ನೋಡಿಲ್ಲ" ಅಂದರು. ಕುರ್ಚಿಯನ್ನು ಹೊಸ ಕಿಟಕಿಯ ಗೆರೆಯ ಹತ್ತಿರ ಎಳೆದುಕೊಂಡು ಆ ಕಡೆ ಮುಖ ಮಾಡಿ ಕೂತಿದ್ದರು. ತಲೆಯ ಮೇಲೆ ಟವೆಲ್.

"ಊಟ ಮಾಡ್ಕೊಂಡು ಬರೋಣ ಸರ್" ಅಂದೆ. "ಸಂಜೆ ಐದೂವರೆಗೆ ಇಲ್ಲಿ ಬಿಸಿಲು ಎಲ್ಲೀತನಕ ಬರುತ್ತೆ ಅಂತ ನೋಡಬೇಕು. ಕುರ್ಚಿ ಇಲ್ಲೇ ಇರಲಿ."